ಕುಕ್ಕರಿಗೊಂದು ಕಿವಿ, ಜಾಝಿಗೊಂದು ಕಿವಿ

ಅಭಿಪ್ರಾಯ ಹೇಳುವುದು ಸುಲಭ. ಅದು ಅಚ್ಚಾದ ಮೇಲೆ ಅದರ ಜೊತೆ ಸಂಸಾರ ಮಾಡುವುದೇ ಕಷ್ಟ. ಸಾರಿಗೆ ಉಪ್ಪು ಹೆಚ್ಚಾದರೆ ಒಂದು ಆಲೂಗಡ್ಡೆ ಹಾಕಿ ಕುದಿಸಬಹುದು. ಅಚ್ಚಾದ ವಾಕ್ಯಕ್ಕೆ ಏನು ಹಾಕುವುದು? ಇದು ನನಗೆ ತಿಳಿದದ್ದು ಜಾಝ್ ವಿಮರ್ಶಕಿಯಾಗಿ ಎರಡು ವರ್ಷ ಕಳೆದ ಮೇಲೆ.

ಜಾಝ್ ವಿಮರ್ಶಕಿ ಎಂದು ಬರೆದುಕೊಳ್ಳಲು ನನಗೇ ಸಂಕೋಚ. ಮಲ್ಕಾಜ್‌ಗಿರಿಯ ನಮ್ಮ ಮನೆಗೆ ವಿಠಲರಾಯರು ಬರುವುದು ನನ್ನ ಯಜಮಾನರ ಹಳೆಯ ಸಹೋದ್ಯೋಗಿಯಾಗಿ. ನಿವೃತ್ತಿಯಾದ ಮೇಲೆ ಅವರು ಒಂದು ಜಾಝ್ ಬಳಗ ಕಟ್ಟಿ, ಅದಕ್ಕೆ ನಾಲ್ಕು ಪುಟದ ಇಂಗ್ಲಿಷ್ ಮಾಸಪತ್ರಿಕೆಯನ್ನೂ ಹೊರಡಿಸತೊಡಗಿದರು. "ವೈನಿ, ನೀವು ಕಾನ್ವೆಂಟಿನಾಗ ಕಲ್ತವ್ರು, ಪಿಯಾನೊ ಬಾರಿಸಿದವ್ರು. ಹೊಸ ಆಲ್ಬಮ್ ಬಂದಾಗ ನಾಕು ಸಾಲು ಬರದು ಕೊಡ್ರಿ" ಎಂದರು. ನಾನು ಬಾರಿಸಿದ್ದು ಬೆಳಗಿನ ಪ್ರಾರ್ಥನೆಗೆ, ಅದೂ ಹೆಚ್ಚಾಗಿ ಬಲಗೈಯಿಂದ. ಆದರೆ ಕಾನ್ವೆಂಟಿನ ಸಿಸ್ಟರ್ ಇಂಗ್ಲಿಷ್ ವಿಶೇಷಣಗಳನ್ನು ಚೆನ್ನಾಗಿ ಕಲಿಸಿದ್ದರು. ಬರೆಯುತ್ತಾ ಹೋದೆ. ಒಂದು ಆಲ್ಬಮ್ ಮೃದು, ಇನ್ನೊಂದು ಆಪ್ತ, ಮತ್ತೊಂದು ಎರಡನೆಯ ಸಲ ಕೇಳಿದರೆ ಇನ್ನಷ್ಟು ಆಪ್ತ.

ರಾಯರಿಗೆ ಕೊನೆಗೂ ತಾಳ್ಮೆ ತಪ್ಪಿತು. "ಇದು ವಿಮರ್ಶೆ ಅಲ್ರೀ, ಬಾಗಿಲಿಗೆ ಬಂದವ್ರಿಗೆಲ್ಲ ಅರಿಶಿನ-ಕುಂಕುಮ ಕೊಟ್ಟಂಗ ಆತು. ಒಂದಾದ್ರೂ ತಪ್ಪು ಹುಡುಕ್ರಿ!"

ಆ ತಿಂಗಳು ಬಂದದ್ದು ಸುನಯನಾಳ ಮೊದಲ ಆಲ್ಬಮ್. ಮೆಹದಿಪಟ್ಟಣಂನಲ್ಲಿ ನೆಲೆಸಿದ ಬೀದರಿನವರ ಮಗಳು. ಪಿಯಾನೊ ಅವಳದು, ಜೊತೆಗೆ ಡ್ರಮ್ಸು, ಬಾಸ್ ಗಿಟಾರು ಬಾರಿಸುವ ಇಬ್ಬರು ಗೆಳೆಯರು. ಬಳಗದ ವಾರ್ಷಿಕ ಸಂಜೆಗೆ ಅವಳನ್ನು ಕರೆಯಬೇಕೆಂದು ಮಾತು ನಡೆದಿತ್ತು. ಹಾಗಾಗಿ ಎಂದಿಗಿಂತ ಶ್ರದ್ಧೆಯಿಂದ ಕೇಳಿದೆ. ಕೇಳುವ ಹೊತ್ತು ನನಗೆ ಹನ್ನೊಂದು ಗಂಟೆ. ಆಗಲೇ ಬೇಳೆ ಒಲೆಯ ಮೇಲಿರುತ್ತದೆ, ದಿನ ಬಿಟ್ಟು ದಿನ ಬರುವ ನಲ್ಲಿ ನೀರು ಬಂದಿರುತ್ತದೆ, ಟ್ಯಾಂಕು ತುಂಬಿದ ಸದ್ದು ಕೇಳಿ ಮೋಟಾರು ಆರಿಸಬೇಕಿರುತ್ತದೆ. ಇಷ್ಟರ ನಡುವೆ ಇಡೀ ಆಲ್ಬಮ್ಮಿನಲ್ಲಿ ಪಿಯಾನೊ ಎಲ್ಲೋ ಪಕ್ಕದ ಮನೆಯಲ್ಲಿ ನುಡಿದಂತೆ ಕೇಳಿಸಿತು. ತಪ್ಪು ಸಿಕ್ಕಿತಲ್ಲ ಎಂದು ನಾನು ಹಿಗ್ಗಿ ಬರೆದೆ: "ಪಿಯಾನೊ ಇದ್ದೂ ಇಲ್ಲದಂತಿದೆ. ಕಲಾವಿದೆಗೆ ತನ್ನ ವಾದ್ಯದ ಮೇಲೆ ಇನ್ನೂ ಧೈರ್ಯ ಬಂದಿಲ್ಲ."

ಓದಿದ ಯಜಮಾನರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನಗ ಎಲ್ಲಿಂದ ಬಂತು ಈ ಧೈರ್ಯ?"

ಪತ್ರಿಕೆ ಹೊರಬಿದ್ದ ಮರುದಿನವೇ ರಾಯರ ಫೋನು. "ಇದು ನೋಡ್ರಿ ವಿಮರ್ಶೆ! ಕಮಿಟಿಯವ್ರು ಆ ಹುಡುಗೀನ ಈ ಸಲ ಕರಿಯೂದು ಬ್ಯಾಡ ಅನ್ನಾಕತ್ತಾರ." ನನ್ನ ಹಿಗ್ಗು ಅಲ್ಲಿಗೆ ಇಳಿಯಿತು. ಮೂರನೆಯ ದಿನ ಹುಡುಗಿ ಬಾಗಿಲಿಗೇ ಬಂದಳು. ಎರಡು ಬಸ್ಸು ಬದಲಾಯಿಸಿ ಬಂದಿದ್ದಳು. ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದಳು.

"ಜಗಳಕ್ಕ ಬಂದಿಲ್ರಿ ಆಂಟಿ. ನಮ್ಮಪ್ಪ ನಾ ಭಾಳ ಜೋರು ಬಾರಿಸ್ತೀನಿ ಅಂತ ದಿನಾ ಬೈತಾರ. ನೀವು ಕೇಳಸೂದೇ ಇಲ್ಲ ಅಂದ್ರಿ. ಎಲ್ಲಿ ಅಂತ ತೋರಸ್ರಿ, ತಿದ್ದಿಕೋತೀನಿ."

ಅವಳೆದುರೇ ಫೋನಿನಲ್ಲಿ ಹಾಡು ಹಚ್ಚಿದೆ. ಎಂದಿನಂತೆ ಇಯರ್‌ಫೋನಿನ ಎಡಗಡೆಯದನ್ನು ಕಿವಿಗಿಟ್ಟು, ಬಲಗಡೆಯದನ್ನು ಕೊರಳಿಗೆ ಇಳಿಬಿಟ್ಟೆ.

"ಇನ್ನೊಂದು?"

"ಆ ಕಿವಿ ಕುಕ್ಕರಿಗವ್ವಾ. ಎರಡ್ ಸೀಟಿ ಆಗ್ಯಾವ, ಇನ್ನೊಂದು ಆಗಬೇಕು."

ಅವಳು ನನ್ನ ಕೊರಳಿಗೆ ಇಳಿಬಿದ್ದ ಇಯರ್‌ಫೋನನ್ನೇ ನೋಡುತ್ತ ಮೆಲ್ಲಗೆ, "ಆಂಟಿ, ಎದುರಿಗೆ ಕುಂತು ಕೇಳಿದಂಗ ಇರಲಿ ಅಂತ ಡ್ರಮ್ಸು ಎಡಕ್ಕ, ಪಿಯಾನೊ ಬಲಕ್ಕ ಇಟ್ಟೇವಿ. ನಾ ಹೆಚ್ಚೂಕಡಿಮಿ ಪೂರಾ ಬಲಗಿವ್ಯಾಗ ಅದೀನ್ರಿ" ಎಂದಳು. ತಾನೇ ಎದ್ದು ಹೋಗಿ ಗ್ಯಾಸು ಆರಿಸಿ ಬಂದು ನನ್ನ ಬಲಗಿವಿಗೂ ಇಯರ್‌ಫೋನು ಸಿಕ್ಕಿಸಿದಳು. ಅಬ್ಬಾ! ಸ್ಟೀಲಿನ ಡಬ್ಬಿಗಳ ಶೆಲ್ಫು ಕಳಚಿ ಬಿದ್ದಂತೆ ಪಿಯಾನೊ ಬಂತು. ಧೈರ್ಯದ ಕೊರತೆಯ ಮಾತಿರಲಿ, ಜೊತೆಯವರಿಗೆ ಬಾಯಿ ತೆರೆಯಲೂ ಬಿಡದ ಪಿಯಾನೊ ಅದು.

ಅವಳು ಕೂತಿದ್ದಂತೆಯೇ ರಾಯರಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡೆ. "ಹಂಗಾರ ಹಿಂದಿನ ಎರಡು ವರ್ಷದ್ದು?" ಎಂದರು.

"ಅವೂ ಎಡಗಿವೀದೇ ರೀ."

"ಯಾರ ಮುಂದೂ ಅನಬ್ಯಾಡ್ರಿ. ಹುಡುಗೀನ ನಾ ಹೆಂಗರ ಮಾಡಿ ಕರಸ್ತೀನಿ."

ನಾನು ಒಪ್ಪಲಿಲ್ಲ. ಅಚ್ಚಿನಲ್ಲಿ ಆದ ತಪ್ಪು ಅಚ್ಚಿನಲ್ಲೇ ಹೋಗಬೇಕಲ್ಲ. ಮುಂದಿನ ಸಂಚಿಕೆಯಲ್ಲಿ, "ಈ ಆಲ್ಬಮ್ ಕೇಳುವಾಗ ವಿಮರ್ಶಕಿಯ ಬಲಗಿವಿ ಬೇರೆ ಕೆಲಸದಲ್ಲಿತ್ತು, ಪಿಯಾನೊ ಇದೆ, ಧಾರಾಳವಾಗಿಯೇ ಇದೆ" ಎಂದು ಬಂತು. ಓದಿದ ಕಮಿಟಿ ಮನಸ್ಸು ಬದಲಿಸಿ ಸುನಯನಾಳನ್ನು ಕರೆಯಿತು.

ವಾರ್ಷಿಕ ಸಂಜೆಗೆ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಒಲೆಯಿಲ್ಲ, ಮೋಟಾರಿಲ್ಲ, ಎರಡೂ ಕಿವಿ ನನ್ನವೇ. ಒಂದೂವರೆ ಗಂಟೆ ಕಣ್ಣು ಮಿಟುಕಿಸದೆ ಕೇಳಿದೆ. ಚಪ್ಪಾಳೆ ನಿಂತ ಮೇಲೆ ಸುನಯನಾ ಬೆವರು ಒರೆಸಿಕೊಳ್ಳುತ್ತ ನೇರ ನನ್ನ ಬಳಿಗೇ ಬಂದಳು. "ಈಗ ಹೇಳ್ರಿ ಆಂಟಿ, ಹೆಂಗಿತ್ತು?"

"ಎರಡೂ ಕಿವಿ ಕೊಟ್ಟು ಕೇಳಿದ್ನವ್ವಾ" ಎಂದೆ. ಅವಳು ಅದನ್ನು ಹೊಗಳಿಕೆ ಎಂದುಕೊಂಡು ಕಾಲಿಗೆ ನಮಸ್ಕರಿಸಿದಳು. ಜಾಝ್ ಅರ್ಥವಾಗದಿರುವುದಕ್ಕೆ ನನ್ನ ಬಳಿ ಇದ್ದ ಒಂದೇ ನೆಪವಾದ ಕುಕ್ಕರಿನ ಕಿವಿಯೂ ಆ ಸಂಜೆ ಕೈಬಿಟ್ಟು ಹೋಗಿತ್ತೆಂದು ಆ ಮಗುವಿಗೆ ಹೇಗೆ ಹೇಳಲಿ?