ಒಂದೇ ಮೈಕಿನ ಕಾಕಾ

ಅಮೆರಿಕದ ಗುಡ್ಡಗಾಡಿನ ಹಾಡಿನ ಲಯಕ್ಕೆ ಕೈಮಗ್ಗದ ಸೀರೆ ನೇಯುವ ಮನುಷ್ಯ ಜಗತ್ತಿನಲ್ಲಿ ಒಬ್ಬನೇ ಇರಬೇಕು. ಅವನು ಗಜೇಂದ್ರಗಡದಲ್ಲಿದ್ದಾನೆ, ಮೇಲಾಗಿ ನನ್ನ ಕಾಕಾ!

ಮಗ್ಗದ ರಿಪೇರಿ ನೋಡಲು ಮೊಬೈಲು ತೆರೆದವನಿಗೆ ಬ್ಲೂಗ್ರಾಸ್ ಎಂಬ ಈ ಗುಡ್ಡಗಾಡಿನ ಸಂಗೀತ ಗಂಟುಬಿತ್ತು. ಅದರ ತಂತಿವಾದ್ಯ ಬ್ಯಾಂಜೋ ಓಡಿದಂತೆ ಮಗ್ಗದ ಲಾಳಿಯೂ ಓಡತೊಡಗಿತು. ಒಳ್ಳೆಯದೇ ಅಲ್ಲವೇ? ಎಲ್ಲಿಯ ಒಳ್ಳೆಯದು! ಹಾಡಿನ ಗುಂಗಿನಲ್ಲಿ ಒಂದು ಸೀರೆ ಸೆರಗೇ ಇಲ್ಲದೆ ಮುಗಿದುಹೋಯಿತು. ಅದನ್ನು ಯಾರು ಕೊಳ್ಳುತ್ತಾರೆ? ಅವನ ಹೆಂಡತಿ, ನಮ್ಮ ಕಾಕುವೇ ಉಟ್ಟಳು.

ಮನೆಗೆ ಬಂದವರಿಗೆ ಚಹಾಕ್ಕಿಂತ ಮೊದಲು ಕಾಕಾನಿಂದ ಈ ಹಾಡಿನ ಚರಿತ್ರೆ. “ಬಡವ್ರ ಹಾಡ್ರಿ ಇದು. ಸಮುದ್ರ ದಾಟಿ ಬಂದವ್ರು ಪಿಟೀಲು ತಂದ್ರು. ಆಫ್ರಿಕಾದಿಂದ ಗುಲಾಮರನ್ನ ಮಾಡಿ ಎಳಕೊಂಡು ಬಂದ್ರಲ್ಲ, ಅವ್ರು ಬ್ಯಾಂಜೋ ತಂದ್ರು. ಎರಡೂ ಗುಡ್ಡದಾಗ ಕೂಡಿ, ರೇಡಿಯೋ ಹತ್ತಿ ಊರೂರಿಗೆ ಹ್ವಾದ್ವು. ಬ್ಯಾಂಜೋ ಅಂದ್ರ ಏನಂತ ತಿಳದೀರಿ? ನಮ್ಮ ಜೋಗತ್ಯಾರ ಚೌಡಿಕೀಗೆ ತಮ್ಮ! ಅದಕ್ಕೂ ಚರ್ಮ, ಅದಕ್ಕೂ ತಂತಿ!” ರೋಣದ ಬೀಗರು ಚಹಾ ಕುಡಿಯದೆಯೇ ಬಸ್ಸು ಹಿಡಿದರು.

ಆಮೇಲೆ ಊರ ಗುಡಿಯ ಸೋಮವಾರದ ಭಜನೆಗೆ ಕೈಹಾಕಿದ. ಬ್ಲೂಗ್ರಾಸಿನವರು ಒಂದೇ ಮೈಕಿನ ಸುತ್ತ ನಿಲ್ಲುತ್ತಾರಂತೆ. ಸರದಿ ಬಂದವನು ಮುಂದೆ, ಮುಗಿದವನು ಹಿಂದೆ. ನಮ್ಮ ಭಜನೆಗೂ ಅದೇ ಪದ್ಧತಿ ತಂದ. ಹಾರ್ಮೋನಿಯಂ ಹೊತ್ತು ಹಿಂದೆ ಮುಂದೆ ಓಡಾಡಿ ನಮ್ಮ ಮಾಸ್ತರರ ಸೊಂಟ ಹಿಡಿಯಿತು.

“ನಾ ಏನ್ ಭಜನಿ ಮಾಡ್ಲ್ಯೋ, ಹಮಾಲಿ ಮಾಡ್ಲ್ಯೋ?”

“ಲಗೂ ಹಿಂದ ಸರೀರಿ ಮಾಸ್ತರ, ತಾಳದವ್ರ ಸರದಿ ಐತಿ!”

ಇಷ್ಟೆಲ್ಲ ಯಾಕೆ ಕಾಕಾ ಎಂದು ಒಂದು ದಿನ ಕೇಳಿಯೇಬಿಟ್ಟೆ. ಮೊದಲ ಸಲ ಅವನ ದನಿ ತಗ್ಗಿತು.

“ಈ ಹಾಡಿನಾಗ ಮುಖ್ಯ ದನಿ ಮ್ಯಾಲೆ ಇನ್ನೊಂದು ದನಿ ಎತ್ತರಕ್ಕ ಏರತೈತಿ ನೋಡು, ಅದ ಇದರ ಜೀವ. ಮದುವ್ಯಾದ ಹೊಸದಾಗ ನಿಮ್ಮ ಕಾಕು ಲಾಳಿಗೆ ನೂಲಿನ ಕಂಡಿಕಿ ಸುತ್ತಕೋತ, ನನ್ನ ಹಾಡಿನ ಮ್ಯಾಲೆ ಹಂಗ ಏರತಿದ್ಲು. ನನ್ನ ದನಿ ಕೇಳಸೂದಿಲ್ಲ, ಬಾಯಿ ಮುಚ್ಚು ಅಂದೆ. ಮುಚ್ಚಿದ್ಲು. ಮೂವತ್ತು ವರ್ಷ ಆತು.”

ನನಗೆ ನಗು ಬರಲಿಲ್ಲ.

ಮುಂದಿನ ಸೋಮವಾರ ಕಾಕಾ ಪಲ್ಲವಿ ಹಾಡಿ ಹಿಂದೆ ಸರಿದ. ಸರಿದು ಸರಿದು ಹೆಂಗಸರ ಸಾಲಿನಲ್ಲಿ ಕೂತಿದ್ದ ಕಾಕುವಿನ ತನಕ ಹೋದ.

“ನನ್ನ ಸರದಿ ಮುಗೀತು. ಇನ್ನ ಇಕಿದು.”

“ಏನ್ರಿ ಇದು, ಮಂದಿ ನಗ್ತಾರ!” ಎಂದಳು ಕಾಕು.

“ನಗ್ಲಿ. ತಪ್ಪು ನಂದೈತಿ.”

ತಾಳ ನಿಂತಿತು. ಕಾಕು ಎದ್ದು, ಅದೇ ಸೀರೆಯ ಇಲ್ಲದ ಸೆರಗನ್ನು ಸರಿಮಾಡಿಕೊಂಡಳು. ಮೈಕಿನ ಹತ್ತಿರವೂ ಹೋಗದೆ ನಿಂತಲ್ಲೇ ಹಾಡಿದಳು. ದನಿ ನಡುಗಿತು, ಒಡೆಯಿತು, ಆಮೇಲೆ ಏರಿತು. ಮಾಸ್ತರರು ಸೊಂಟ ಮರೆತು ಹಾರ್ಮೋನಿಯಂ ಹೊತ್ತು ಅವಳ ಹತ್ತಿರವೇ ಬಂದರು.

ಮತ್ತೆ ಕಾಕಾನ ಸರದಿ ಬಂತು. ಊರಿಗೆಲ್ಲ ಸರದಿ ಕಲಿಸಿದವನು ಮುಂದೆ ಬರಲೇ ಇಲ್ಲ. ಗೋಡೆಗೆ ಮುಖ ಮಾಡಿ ಅಳುತ್ತಿದ್ದ.