ಕರ್ಚೀಫಿನಲ್ಲಿ ಈರುಳ್ಳಿ

"ಅಳೋದೇನು ಮಹಾ! ನಾನು ಅತ್ತರೆ ನಿಮ್ಮ ಪ್ರೊಫೆಸರೂ ಕರ್ಚೀಫು ತೆಗೀಬೇಕು, ಹಂಗೆ ಅಳ್ತೀನಿ!"

ಹೊಳಲ್ಕೆರೆ ತಾಲ್ಲೂಕು ಕಚೇರಿಯ ಗುಮಾಸ್ತ ಲಕ್ಷ್ಮೀಕಾಂತ್ ಹೀಗೆ ಘೋಷಿಸಿದಾಗ ಹೆಂಡತಿ ಯಶೋಧಾ ಮುದ್ದೆ ತಿರುವುತ್ತಿದ್ದಳು. ಕೋಲು ಪಾತ್ರೆಯಲ್ಲೇ ನಿಂತಿತು.

"ಅಳೋದೂ ಬ್ಯಾಡ, ನಟನೆಯೂ ಬ್ಯಾಡ. ನಿಜವಾದ ಒಂದು ಚಿಂತೆ ಹೇಳಿದ್ರೆ ಸಾಕು. ಸುಳ್ಳು ಅಂತ ಗೊತ್ತಾದ್ರೆ ಕರ್ಕೊಂಡು ಬಂದ ನನಗೂ ಸೊನ್ನೆ, ಮಾತಾಡಿಸಿದ ಹುಡುಗೀಗೂ ಸೊನ್ನೆ. ಎರಡು ವರ್ಷ ಓದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದಂಗೆ!"

"ನಂಗೆ ಚಿಂತೆ ಎಲ್ಲೈತೆ? ಚಿಂತೆನೇ ನನ್ನ ಕಂಡ್ರೆ ಓಡೋಗ್ತೈತೆ!"

ಇದು 2003ರ ಮಾತು. ಮಕ್ಕಳು ಹಾಸ್ಟೆಲು ಸೇರಿದ ಮೇಲೆ ಯಶೋಧಾ ಚಿತ್ರದುರ್ಗದ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಳು. ಆಪ್ತಸಮಾಲೋಚನೆಯ ಪ್ರಾಯೋಗಿಕ ಪರೀಕ್ಷೆಗೆ ಪ್ರತಿಯೊಬ್ಬರೂ ಒಬ್ಬ ಕ್ಲೈಂಟನ್ನು, ಅಂದರೆ ಚಿಂತೆ ಹೇಳಿಕೊಳ್ಳುವವನನ್ನು, ಕರೆತರಬೇಕು. ಅವನನ್ನು ಬೇರೊಬ್ಬ ವಿದ್ಯಾರ್ಥಿ ಮಾತಾಡಿಸಬೇಕು. ಊರಲ್ಲಿ ಯಾರನ್ನು ಕೇಳಿದರೂ, "ನಮಗೇನು ತಲೆ ಕೆಟ್ಟೈತಾ?" ಎಂದು ಬಾಗಿಲು ಹಾಕಿಕೊಂಡರು. ಉಳಿದವನು ಗಂಡನೊಬ್ಬನೇ.

ಗಂಡನೋ, ಮಹಾನಟ! ಹೊರಕೆರೆದೇವಪುರದ ನಾಟಕದಲ್ಲಿ ಪ್ರತಿವರ್ಷ ಕುಡುಕನ ಪಾರ್ಟು ಇವನದೇ. ಮನೆಯಲ್ಲಿ ತಣ್ಣನೆಯ ಮಜ್ಜಿಗೆ ಕುಡಿದರೂ ನೆಗಡಿ! ನಾಟಕದ ಮೇಷ್ಟ್ರು ಉಗ್ರಪ್ಪ ಅವನಿಗೆ ಕಲಿಸಿದ್ದು ಒಂದೇ ಮಂತ್ರ. "ಸ್ಟೇಜಿನ ಮೇಲೆ ಸುಮ್ನೆ ನಿಂತ್ಯೋ, ಸತ್ತೆ! ಮಾತು ಮರೆತ್ರೆ ಬಾಯಿಗೆ ಬಂದಿದ್ದು ಹೇಳು, ಖಾಲಿ ಮಾತ್ರ ಬಿಡಬ್ಯಾಡ." ಈ ಮಂತ್ರವೇ ತಿರುಮಂತ್ರವಾದೀತೆಂದು ಪಾಪ ಅವನೇನು ಕನಸು ಕಂಡಿದ್ದನೇ?

ಪರೀಕ್ಷೆಯ ದಿನ ಹೆಚ್ಚಿದ ಈರುಳ್ಳಿಯನ್ನು ಕರ್ಚೀಫಿನಲ್ಲಿ ಸುತ್ತಿ, ಜೇಬಿಗಿಳಿಸಿ, ಮಹಾನಟರು ಚಿತ್ರದುರ್ಗಕ್ಕೆ ದಯಮಾಡಿಸಿದರು. ಎದುರು ಕುರ್ಚಿಯಲ್ಲಿ ಯಲ್ಲದಕೆರೆಯ ಮೌನಿಕಾ. ಕುರಿ ಸಾಕುವವರ ಮನೆಯ ಹುಡುಗಿ, ತೆಳ್ಳಗೆ, ಮಕ್ಕಳಾಡುವ ಗೊಂಬೆಯಷ್ಟು ಪುಟ್ಟಗೆ. ಅವಳ ಹಿಂದಿನ ಬೆಂಚಿನಲ್ಲಿ ಪ್ರೊಫೆಸರು, ಹೊರಗಿನ ಪರೀಕ್ಷಕರು, ಪಕ್ಕದಲ್ಲಿ ಯಶೋಧಾ. 'ಅಯ್ಯೋ, ನನ್ನ ಪ್ರತಿಭೆಯನ್ನು ಈ ಕೂಸು ತಡೆದುಕೊಂಡೀತೇ?' ಎಂದು ಲಕ್ಷ್ಮೀಕಾಂತ್ ಮನಸ್ಸಿನಲ್ಲೇ ಮರುಗಿದ.

"ಕುಂತ್ಕಳ್ರಿ ಅಣ್ಣ. ಏನು ಹೇಳ್ಬೇಕು ಅನ್ನಿಸ್ತೈತೋ ಹೇಳ್ರಿ."

"ತಾಯೀ! ಈ ಹಾಳು ಹೆಂಡ ನನ್ನ ಸಂಸಾರವನ್ನೇ ನುಂಗಿ ನೀರು ಕುಡಿಯಿತು!"

ಯಶೋಧಾ ಹಣೆ ಹಿಡಿದುಕೊಂಡಳು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಮೌನಿಕಾ ನಗಲಿಲ್ಲ, ಹುಬ್ಬೇರಿಸಲೂ ಇಲ್ಲ. "ಹೂಂ," ಎಂದಳು. ಆಮೇಲೆ ಸುಮ್ಮನೆ ಅವನನ್ನೇ ನೋಡುತ್ತಾ ಕೂತಳು.

ನಾಟಕದವನಾದ ಲಕ್ಷ್ಮೀಕಾಂತನಿಗೆ ಹೊಳೆದದ್ದು ಒಂದೇ. ಎದುರಿನವರು ಮಾತು ಮರೆತಿದ್ದಾರೆ! ಗಡಬಡಿಸಿ ಎರಡನೇ ಡೈಲಾಗು ಬಿಟ್ಟ. "ಹೂಂ." ಮೂರನೆಯದನ್ನೂ ಬಿಟ್ಟ. "ಹೂಂ." ಸರಕು ಖಾಲಿ! ಪಕ್ಕಕ್ಕೆ ನೋಡಿದರೆ ಪರದೆಯಿಲ್ಲ, ಮಾತು ಹೇಳಿಕೊಡಲು ಯಾರೂ ಇಲ್ಲ. ಫ್ಯಾನು ಕಿರ್ರ್ ಎನ್ನುತ್ತಿತ್ತು.

"ಹೆಂಡ ಅಂದಾಗೆಲ್ಲ ಹಿಂದಿನ ಬೆಂಚು ನೋಡಿದ್ರಿ ಅಣ್ಣ," ಎಂದಳು ಮೌನಿಕಾ ಮೆಲ್ಲಗೆ. ಮತ್ತೆ ಮೌನ.

ಖಾಲಿ ಬಿಡಬ್ಯಾಡ, ಬಾಯಿಗೆ ಬಂದಿದ್ದು ಹೇಳು! ಬಾಯಿಗೆ ಬಂದದ್ದು ಇದು:

"ಅಲ್ಲಿ ನನ್ನ ಹೆಂಡ್ತಿ ಅವಳೆ. ಅವಳು ಇಲ್ಲದಾಗ ಅವಳ ಪುಸ್ತಕ ತೆಗೆದು ನೋಡ್ದೆ ಕಣಮ್ಮ, ಒಂದು ಸಾಲೂ ತಲೆಗೆ ಹೋಗ್ಲಿಲ್ಲ. ಮುಂಚೆ ನಾನು ಆಫೀಸಿನ ಸುದ್ದಿ ಹೇಳಿದ್ರೆ ಹೊಟ್ಟೆ ಹಿಡ್ಕೊಂಡು ನಗೋಳು. ಈಗ ಅಷ್ಟು ದೊಡ್ಡ ವಿಷಯ ಕೇಳ್ಕೊಂಡು ಬಂದವಳಿಗೆ ನನ್ನ ಫೈಲಿನ ಕಥೆ ಏನಂತ ಹೇಳಾಣ? ಸುಮ್ನಾಗ್ತೀನಿ. ಹಿಂಗೇ ಅವಳು ಮುಂದೆ ಮುಂದೆ ಹೋಗ್ಬಿಟ್ರೆ... ಹೆದರ್ಕೆ ಆಗ್ತೈತಮ್ಮ."

ಕಣ್ಣು ತುಂಬಿತು. ಅಸಲಿ ನೀರು! ಒರೆಸಿಕೊಳ್ಳಲು ಗಾಬರಿಯಲ್ಲಿ ಜೇಬಿನಿಂದ ತೆಗೆದದ್ದು ಯಾವುದು? ಈರುಳ್ಳಿಯ ಕರ್ಚೀಫು! ಒರೆಸಿದಷ್ಟೂ ಧಾರೆ, ಧಾರೆ ಬಂದಷ್ಟೂ ಒರೆಸುವುದು. ಹೋಳುಗಳೆಲ್ಲ ಮೌನಿಕಾಳ ಪಾದದ ಬಳಿ ಉದುರಿದವು. ಕೊನೆಗೆ ಪ್ರೊಫೆಸರೇ ಎದ್ದು ಬಂದು ತಮ್ಮ ಕರ್ಚೀಫು ತೆಗೆದುಕೊಟ್ಟರು. ಹೆಂಡ ಸುಳ್ಳಾದರೂ ಹೆದರಿಕೆ ನಿಜವೆಂದು ಪರೀಕ್ಷಕರು ನಗುತ್ತಲೇ ಅಂಕ ಬರೆದರು.

ಲಕ್ಷ್ಮೀಕಾಂತನಿಗೆ ಬೆರಗೋ ಬೆರಗು! ಆ ಹುಡುಗಿ ಬುದ್ಧಿ ಹೇಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬರೀ ಕೇಳಿಸಿಕೊಂಡಳು. ಎದೆಯ ಮೇಲಿನ ಕಲ್ಲು ಯಾವಾಗ ಇಳಿಯಿತೋ ಅವನಿಗೇ ತಿಳಿಯಲಿಲ್ಲ. ಜಗತ್ತಿನಲ್ಲಿ ಇಂಥದ್ದೂ ಒಂದು ವಿದ್ಯೆ ಉಂಟೇ! ಅದನ್ನು ತನ್ನ ಮನೆಯವಳೇ ಕಲಿಯುತ್ತಿದ್ದಾಳೆಯೇ!

ವಾಪಸು ಬಸ್ಸಿನಲ್ಲಿ ಯಶೋಧಾ ಕಿಟಕಿಯ ಪಕ್ಕ ಕೂತು ತುಟಿ ಬಿಗಿದಳು. ಮಾತಿಲ್ಲ, ಕತೆಯಿಲ್ಲ. 'ಇವಳೂ ಶುರು ಮಾಡಿದಳಪ್ಪ!' ಎಂದು ಲಕ್ಷ್ಮೀಕಾಂತ್ ನಡುಗಿದ. ಆ ಕೂಸಿನ ಮೌನಕ್ಕೇ ಅಷ್ಟು ಶಕ್ತಿಯಾದರೆ, ಕ್ಲಾಸಿಗೇ ಫಸ್ಟು ಬರುವ ಹೆಂಡತಿಯ ಮೌನವನ್ನು ತಡೆಯುವವರುಂಟೇ? ಬಸ್ಸು ಊರು ದಾಟುವ ಮೊದಲೇ ಶರಣಾದ.

"ನಿಜ ಹೇಳ್ಲಾ? ಪಹಣಿ ಕೇಳೋಕೆ ಬಂದ ರೈತರಿಗೆಲ್ಲ 'ನಮ್ಮನೇರು ಎಂ.ಎಸ್ಸಿ. ಓದ್ತಾರೆ' ಅಂತ ಹೇಳಿಯೇ ಕಳಿಸೋದು."

ಯಶೋಧಾ ಸುಮ್ಮನಿದ್ದಳು.

"ನೀನು ಬರೋದು ತಡವಾದ್ರೆ ಬಸ್‌ಸ್ಟ್ಯಾಂಡಿನ ಅಂಗಡೀಲಿ ಎಲೆ ಅಡಿಕೆ ಕೊಳ್ಳೋನ ಹಂಗೆ ನಿಂತಿರ್ತೀನಿ. ನಾನು ಎಲೆ ಅಡಿಕೆ ತಿಂದಿದ್ದು ಯಾವಾಗ ನೋಡಿದ್ದೀಯ?"

ಆಗಲೂ ಸುಮ್ಮನಿದ್ದಳು. ಮುಂದಿನ ಸೀಟಿನವರು ತಿರುಗಿ ಕೂತರು. ಕಂಡಕ್ಟರು ಟಿಕೆಟು ಹರಿಯುವುದು ಬಿಟ್ಟು, "ಆಮೇಲೆ ಸಾರ್?" ಎಂದ. ಹೊಳಲ್ಕೆರೆ ಬರುವಷ್ಟರಲ್ಲಿ ಲಕ್ಷ್ಮೀಕಾಂತನ ಹೃದಯದಲ್ಲಿ ಇಡೀ ಬಸ್ಸಿಗೆ ಗೊತ್ತಿಲ್ಲದ್ದು ಏನೂ ಉಳಿದಿರಲಿಲ್ಲ.

ಕೆಳಗಿಳಿದ ಮೇಲೆ ಯಶೋಧಾ ಸೆರಗಿನ ಮರೆಯಲ್ಲಿ ಹಿಡಿದಿದ್ದ ನಿಂಬೆಹಣ್ಣನ್ನು ಮತ್ತೊಮ್ಮೆ ಮೂಸಿ, ದೀರ್ಘವಾಗಿ ಉಸಿರುಬಿಟ್ಟಳು.

"ಅಲ್ರೀ, ಬಸ್ಸಲ್ಲಿ ಬಾಯಿ ಬಿಟ್ರೆ ನಂಗೆ ವಾಂತಿ ಆಗ್ತೈತೆ ಅಂತ ಮರೆತೇಬಿಟ್ರಾ? ಮದುವೆ ದಿಬ್ಬಣದ ಬಸ್ಸಲ್ಲೇ ನಿಮ್ಮ ಜರತಾರಿ ಪಂಚೆ ಹಾಳು ಮಾಡಿರ್ಲಿಲ್ವಾ?"

ಯಶೋಧಾ ನಿಂಬೆಹಣ್ಣನ್ನು ಚೀಲಕ್ಕೆ ಹಾಕಿ ಅವನ ಹತ್ತಿರ ಬಂದಳು. ಅವಳ ಕಣ್ಣು ಕೆಂಪಾಗಿತ್ತು. ಅದಕ್ಕೆ ಈರುಳ್ಳಿಯ ನೆಪವೂ ಇರಲಿಲ್ಲ.

"ಅದೇನೋ ಫೈಲಿನ ಕಥೆ ಅಂದ್ರಲ್ಲ, ಹೇಳ್ರಿ. ನಡ್ಕೊಂಡೇ ಮನೆಗೆ ಹೋಗಾಣ."

ಮಹಾನಟ ಬಾಯಿ ತೆರೆದ. ಒಂದು ಮಾತಾದರೂ ಹೊರಡಬೇಡವೇ!

ಯಶೋಧಾ ಅವನನ್ನೇ ನೋಡುತ್ತಾ ನಿಂತು, "ಹೂಂ?" ಎಂದಳು.