ಎಂಟು ಕೆಜಿ ಆದ ಮೇಲೆ ಕರ್ಕೊಂಡು ಬನ್ನಿ

ಮಕ್ಕಳನ್ನು ಮಲಗಿಸುವುದಕ್ಕೇ ಸಂಬಳ ತಗೊಳ್ಳುವವನಿಗೆ ಇಂಥ ಪ್ರಸಂಗಗಳು ತಪ್ಪಿದ್ದಲ್ಲ. ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಹೃದಯದಲ್ಲಿ ತೂತಿರುವ ಮಕ್ಕಳಿಗೆ ಆಪರೇಷನ್ ಮಾಡುವ ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ಡಾಕ್ಟರು. ನಿದ್ದೆ ಔಷಧಿ ಕಡಿಮೆಯಾದರೆ ಮಗು ಅತ್ತು ಅತ್ತು ನೀಲಿಗಟ್ಟುತ್ತದೆ, ಹೆಚ್ಚಾದರೆ ರಕ್ತದೊತ್ತಡ ಇಳಿಯುತ್ತದೆ. ಆ ಪ್ರಸಂಗಗಳನ್ನು ಈಗ ಹೇಳಿದರೆ ಕೇಳಿದವರು ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಬೇಜಾರಾಗುತ್ತದೆ.

ರುಚಿ ನೋಡಿದ ಅಜ್ಜಿ

ಚಿಂತಾಮಣಿ ಕಡೆಯ ಅಜ್ಜಿ. ಮೊಮ್ಮಗ ಬೇರೆಯವರ ಕೈಯಿಂದ ನೀರೂ ಕುಡಿಯುತ್ತಿರಲಿಲ್ಲ. ಆಪರೇಷನ್ನಿಗೆ ಮುಂಚಿನ ನಿದ್ದೆ ಔಷಧಿಯನ್ನು ನರ್ಸಮ್ಮ ಅಜ್ಜಿಯ ಕೈಗೇ ಕೊಟ್ಟರು. ತಾನು ರುಚಿ ನೋಡದೆ ಅಜ್ಜಿ ಮಗುವಿಗೆ ಏನನ್ನೂ ಕೊಟ್ಟವಳಲ್ಲ. ನೋಡುತ್ತಾ ನೋಡುತ್ತಾ ಅರ್ಧ ಖಾಲಿ ಮಾಡಿದಳು. ಮೊಮ್ಮಗ ವಾರ್ಡ್ ತುಂಬಾ ಓಡಾಡಿದ, ಅಜ್ಜಿ ಗೊರಕೆ ಹೊಡೆದಳು.

ಮಗುವಿನ ಔಷಧಿ, ಅದೂ ಅರ್ಧ, ಅಷ್ಟು ಕೆಲಸ ಮಾಡುವುದಿಲ್ಲ. ಮೂರು ದಿನದಿಂದ ಅವಳು ಬೆಂಚಿನ ಮೇಲೆ ಕೂತೇ ಕಾದಿದ್ದಳು. ಒಂದು ಚಾಪೆ ಕೊಡಬೇಕು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ. ಸಂಜೆ ಎದ್ದವಳು ಎದೆ ಮುಟ್ಟಿ ನೋಡಿಕೊಂಡು ಕೇಳಿದಳು: "ಆಪರೇಷನ್ ಆಗೋಯ್ತೇನಪ್ಪಾ? ಒಂಚೂರೂ ನೋವಾಗ್ಲಿಲ್ಲ."

ಬಾಗಿಲಲ್ಲಿ ನಿಂತ ತಾಯಿ

ಸಾದಲಿ ಊರಿನ ಒಬ್ಬ ತಾಯಿ, ಮನೆಯಲ್ಲಿ ರೇಷ್ಮೆ ಹುಳ ಸಾಕುವವಳು. ಆಪರೇಷನ್ ಆದ ಮೇಲೆ ಮಗುವನ್ನು ಒಂದು ದಿನ ನಿದ್ದೆಯಲ್ಲೇ ಇಡುತ್ತೇವೆ ಎಂದೆ.

"ಗೊತ್ತು ಸಾರ್. ಹುಳ ಪೊರೆ ಬಿಡೋಕೆ ಜ್ವರಕ್ಕೆ ಕೂತಂಗೆ. ಅಲ್ಲಾಡಿಸಬಾರ್ದು, ಸೊಪ್ಪು ಹಾಕಬಾರ್ದು, ಹೊರಗಿನೋರ್ನ ಬಿಡಬಾರ್ದು."

ಓದಿದವರಿಗೂ ನಾನು ಅಷ್ಟು ಚೆನ್ನಾಗಿ ಹೇಳಿದ್ದಿಲ್ಲ. ಆದರೆ ಅವಳು ಐಸಿಯು ಬಾಗಿಲಲ್ಲೇ ನಿಂತು, ಆಪರೇಷನ್ ಮಾಡಿದ ದೊಡ್ಡ ಡಾಕ್ಟರನ್ನೇ ತಡೆದಳು: "ಕಾಲು ತೊಳ್ಕೊಂಡ್ ಬನ್ನಿ." ಅವರು ನನ್ನ ಮೇಲೆ ರೇಗಿದರು, ನಾನು ಅವಳ ಮೇಲೆ ರೇಗಿದೆ. ಅವಳು ಹೊರಗೆ ಹೋಗಿ ಅತ್ತಳಂತೆ. ಅವತ್ತಿನಿಂದ ದೊಡ್ಡ ಡಾಕ್ಟರು ಮಾತ್ರ ಆ ಬಾಗಿಲಿಗೆ ಬಂದಾಗಲೆಲ್ಲ ಒಮ್ಮೆ ತಮ್ಮ ಕಾಲು ನೋಡಿಕೊಂಡೇ ಒಳಗೆ ಹೋಗುತ್ತಿದ್ದರು.

ತೂಕ

ಚಿಕ್ಕಬಳ್ಳಾಪುರದ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವವನು. ಅವನ ಮಗಳನ್ನು ಎರಡು ಸಲ ವಾಪಸ್ ಕಳಿಸಿದ್ದೆ, "ಎಂಟು ಕೆಜಿ ಆದ ಮೇಲೆ ಕರ್ಕೊಂಡು ಬನ್ನಿ" ಎಂದು. ಅದಕ್ಕಿಂತ ಹಗುರಾದ ಮಗು ಆಪರೇಷನ್ ತಾಳುವುದು ಕಷ್ಟ ಅಂತ ಹೇಳಲಿಲ್ಲ. ಆ ತೂಕ ನೋಡಿಯೇ ನಿದ್ದೆ ಔಷಧಿ ಅಳೆಯುತ್ತೇವೆ ಅನ್ನುವುದನ್ನೂ ಹೇಳಲಿಲ್ಲ. ಹೊರಗೆ ಕ್ಯೂ ಉದ್ದ ಇತ್ತು.

ಮೂರನೇ ಸಲ ಮಗು ಸರಿಯಾಗಿ ಎಂಟು ಕೆಜಿ. ದಪ್ಪ ಸ್ವೆಟರ್ ಹಾಕಿತ್ತು. ಚಳಿಗಾಲ, ಬಿಚ್ಚಿಸದೆ ತೂಗಿದೆವು. ಔಷಧಿ ಕೊಟ್ಟ ಸ್ವಲ್ಪ ಹೊತ್ತಿಗೆ ಮಗು ಬೇಕಾದ್ದಕ್ಕಿಂತ ಹೆಚ್ಚು ಮಂಕಾಯಿತು, ರಕ್ತದೊತ್ತಡ ಇಳಿಯತೊಡಗಿತು. ಸ್ವೆಟರ್ ಎಳೆದು ಬಿಚ್ಚಿದೆವು. ಒಳಗೆ ಚೀಲ ಹೊಲಿದಿದ್ದರು. ಅದರಿಂದ ಅರ್ಧ ಅರ್ಧ ಕೆಜಿಯ ಎರಡು ತಕ್ಕಡಿ ಕಲ್ಲು ಠಣ್ ಅಂತ ನೆಲಕ್ಕೆ ಬಿದ್ದವು.

ಆಪರೇಷನ್ ನಿಲ್ಲಿಸಿದೆವು. ಒತ್ತಡ ಇಳಿದದ್ದು ಆ ಒಂದು ಕೆಜಿಯಿಂದಲೋ, ಮಗುವಿನ ನಿಶ್ಶಕ್ತಿಯಿಂದಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಗಂಟೆ ಮಗುವಿನ ಪಕ್ಕದಿಂದ ನಾನು ಕದಲಲಿಲ್ಲ. ಒತ್ತಡ ಸರಿಹೋಗಿ ಮಗು ಕಣ್ಣು ಬಿಟ್ಟು ಅತ್ತಾಗ, ಕಲ್ಲುಗಳನ್ನು ಹಿಡಿದು ಹೊರಗೆ ಬಂದೆ. ಬೈಯಬೇಕು ಅಂತಲೇ ಬಂದಿದ್ದೆ.

ಅವನು ಕೈ ಮುಗಿದ. "ಇನ್ನೊಂದ್ಸಲ ವಾಪಸ್ ಕಳಿಸ್ತೀರ ಅಂತ ಭಯ ಆಯ್ತು ಸಾರ್. ತೂಕ ಇದ್ರೆ ಸಾಕು ಅನ್ಕೊಂಡೆ."

"ತಪ್ಪು ನಂದಪ್ಪ, ಯಾಕೆ ಅಂತ ಮೊದಲೇ ಹೇಳಬೇಕಿತ್ತು" ಎಂದೆ. ಮಗು ಹುಷಾರಾಗಿದೆ, ಮುಂದಿನ ತಿಂಗಳು ತೂಕ ಎಷ್ಟೇ ಇದ್ದರೂ ಕರ್ಕೊಂಡು ಬನ್ನಿ, ನೋಡಿಕೊಳ್ಳೋಣ ಎಂದೆ.

ಅವನು ಕಣ್ಣೊರೆಸಿಕೊಂಡು ಕಲ್ಲುಗಳನ್ನು ಇಸ್ಕೊಂಡ. "ಇಪ್ಪತ್ತು ವರ್ಷದಿಂದ ತಕ್ಕಡಿ ಹಿಡಿದಿದೀನಿ ಸಾರ್. ಎಲ್ಲರಿಗೂ ಒಂಚೂರು ಕಮ್ಮಿನೇ ತೂಗಿದ್ದು. ಜಾಸ್ತಿ ತೂಗಿದ್ದು ಇದೊಂದೇ ಸಲ, ಅದೂ ಹಿಂಗಾಯ್ತು."